ಹನ್ನೊಂದನೆಯ ಬಾಟಲಿ

ಕುಡಿಯಲಿಕ್ಕಲ್ಲ ಈ ನೀರು ಎಂದರೆ ಮಾಚಿ ನಂಬಲಿಲ್ಲ.
"ಇಷ್ಟು ಚಿಕ್ಕ ಬಾಟಲಿಗೆ ಅಷ್ಟುದ್ದ ಹಗ್ಗವಾ?"
ಬೇತ್ರಿ ಸೇತುವೆಯ ಮೇಲಿಂದ ಬಕೆಟು ಇಳಿಸಿದೆ.
ಮೂರು ಸಲ ತುಂಬಿ, ಕುಲುಕಿ, ಚೆಲ್ಲಿದೆ.
ಆ ಮೂರೂ ಹೊಳೆಯ ಪಾಲು.
ನಾಲ್ಕನೆಯದು ಸಾಕ್ಷಿ.

ಸೂಜಿಯಿಲ್ಲದ ಸಿರಿಂಜು, ಅದರ ತುದಿಗೊಂದು ಬಿಳಿ ಜರಡಿ.
ಕೂದಲನ್ನು ಮುನ್ನೂರಾಗಿ ಸೀಳಿದರೆ
ಒಂದು ಸೀಳು ತೂರುವಷ್ಟು ಕಣ್ಣು.
ಆಗಸ್ಟಿನ ಕೆಂಪೆಲ್ಲ ಅಲ್ಲೇ ಸಿಕ್ಕಿಕೊಂಡು
ಹೆಬ್ಬೆರಳು ಮರಗಟ್ಟುತ್ತದೆ.
ದಾಟಿ ಬಂದದ್ದು ತಿಳಿ, ಏನೂ ಇಲ್ಲದ ಹಾಗೆ.
ಅದರೊಳಗೆ ಬೆಟ್ಟ ಇದೆ.

ಅದು ಹೇಗೆ, ಎಂದಳು.
ನನಗೆ ಬಂದ ಹಾಗೆ ಹೇಳಿದೆ:
ಮಳೆ ಬರಿಗೈಯಲ್ಲಿ ಇಳಿಯುವುದಿಲ್ಲ,
ಗಾಳಿಯ ಇಂಗಾಲ ಸೆರಗಿಗೆ ಕಟ್ಟಿಕೊಂಡು
ಒಂಚೂರು ಹುಳಿಯಾಗಿ ಬರುತ್ತದೆ.
ಬಂಡೆಯ ಬಾಗಿಲಲ್ಲಿ ಕೂತು ಕೇಳುತ್ತದೆ
ಒಂದು ಚಿಟಿಕೆ ಸೋಡಿಯಂ, ಒಂದು ಚಿಟಿಕೆ ಸಿಲಿಕಾ.
ಕೊಟ್ಟದ್ದನ್ನು ಹೊತ್ತು ಪೂಂಪುಹಾರಿನ ಕಡಲವರೆಗೂ ನಡೆಯುತ್ತದೆ.
ಕೊಟ್ಟು ಕೊಟ್ಟು ಬಂಡೆ ಜೇಡಿಯಾಗುತ್ತದೆ.
ಜೇಡಿಯಲ್ಲಿ ನಿಮ್ಮ ಕಾಫಿ ಬೇರೂರುತ್ತದೆ.

"ನಮ್ಮ ಕಾಫಿ ಅಲ್ಲ," ಎಂದಳು ಮಾಚಿ.

ಇನ್ನೊಂದಿದೆ, ಅದನ್ನು ಅವಳಿಗೆ ಹೇಳಲಿಲ್ಲ.
ಕಪ್ಪು ಅಭ್ರಕದ ಹಾಳೆಗಳ ನಡುವೆ ರುಬಿಡಿಯಂ
ಮೀನು ಹುಟ್ಟುವ ಎಷ್ಟೋ ಮೊದಲಿಂದ
ಸದ್ದಿಲ್ಲದೆ, ಒಂದೊಂದೇ ಪರಮಾಣುವಾಗಿ
ಸ್ಟ್ರಾನ್ಷಿಯಂ ಆಗುತ್ತಿದೆ.
ಎಂಬತ್ತೇಳು ತೂಕದ್ದು ಎಷ್ಟು, ಎಂಬತ್ತಾರರದ್ದು ಎಷ್ಟು,
ಆ ಅನುಪಾತವೇ ಕಲ್ಲಿನ ಒಕ್ಕದ ಹೆಸರು.
ಕಲ್ಲು ಕರಗಿದರೂ ಹೆಸರು ಕರಗುವುದಿಲ್ಲ.

ಡಿಸೆಂಬರಿನಲ್ಲಿ ಯಂತ್ರ ಅಂಕಿ ಕೊಟ್ಟಿತು.
ಹತ್ತು ಬಾಟಲಿಯೂ ಬೆಟ್ಟದ ಮಕ್ಕಳೇ.
ಹನ್ನೊಂದನೆಯದು, ತೋಟದ ಕೆಳಗಿನ ತೋಡಿನದು,
ಕ್ಯಾಲ್ಸಿಯಂ ದುಪ್ಪಟ್ಟು,
ಅನುಪಾತ ಮೂರನೆಯ ದಶಾಂಶದಲ್ಲೇ ಕೆಳಗೆ.
ಐದನೆಯ ದಶಾಂಶಕ್ಕೆ ಜಗಳ ಕಾಯುವವರು ನಾವು.
ಮೂರನೆಯದು ಜಾರಿತೆಂದರೆ ಬರೆ ಕುಸಿದ ಹಾಗೆ.
ಬಾಟಲಿಯನ್ನು ಬೈದೆ, ಆಸಿಡ್ಡನ್ನು ಬೈದೆ,
ನನ್ನದೇ ಕೈಗವಸನ್ನು ಬೈದೆ.
ಮತ್ತೆ ಓಡಿಸಿದೆ.
ಅದೇ.

ಕಾಫಿ ಕುಯ್ಲಿನ ಹೊತ್ತಿಗೆ ತಿರುಗಿ ಹೋದೆ.
ರೈಟರ್ ಅಚ್ಚಯ್ಯ ಮೂಗಿನ ತುದಿಗೆ ಕನ್ನಡಕ ಇಳಿಸಿ
ಹಸಿರು ಬಟ್ಟೆಯ ರಿಜಿಸ್ಟರ್ ತೆರೆದರು.
'ಮೇ ಹದಿನಾಲ್ಕು. ಸುಣ್ಣ. ಎರಡು ಲೋಡು. ಆಳು ಒಂಬತ್ತು.'
ಎಲ್ಲಿಯ ಸುಣ್ಣ?
"ಬಾಗಲಕೋಟೆ ಕಡೆಯದು. ಮಣ್ಣು ಹುಳಿಯಾಗಿದೆಯಲ್ಲ."
ಅಂದರೆ ಯಾವುದೋ ಕಾಲದ ಕಡಲ ತಳ
ಪುಡಿಯಾಗಿ, ಚೀಲವಾಗಿ, ಲಾರಿ ಹತ್ತಿ
ಆನೆಚೌಕೂರು ಗೇಟು ದಾಟಿ ಬಂದು
ಕರಗಿ ನನ್ನ ಹೊಳೆಯಲ್ಲಿ
ಬೆಟ್ಟದ ಹಾಗೆ ಮಾತಾಡುತ್ತಿತ್ತು.
ಹೆಸರು ಮಾತ್ರ ಮುಚ್ಚಿಡಲಾಗಲಿಲ್ಲ.

ಪ್ರಬಂಧದಲ್ಲಿ ಇದನ್ನು ಕಳೆಯಬೇಕು.
ಅದಕ್ಕೊಂದು ಕಾಲಂ ಇದೆ: ಮಾನವ ಮೂಲ.
ಕಳೆದು ಉಳಿದದ್ದು ಮಾತ್ರ ಕಲ್ಲಿನ ಸವೆತ.

"ಆ ಒಂಬತ್ತರಲ್ಲಿ ನಾನೂ ಒಬ್ಬಳು," ಎಂದಳು ಮಾಚಿ.
ಬುಟ್ಟಿ ಇಳಿಸಿ ಅಂಗೈ ತೋರಿಸಿದಳು.
ಬೆರಳ ಗಂಟುಗಳಲ್ಲಿ ಬಿಳಿ ಬಿರುಕು,
ಒಂದು ಮಳೆಗಾಲ ಕಳೆದರೂ ಕೂಡಿಲ್ಲ.
"ಗವಸು ಕೊಟ್ಟಿದ್ದರು. ಇಬ್ಬರಿಗೆ ಒಂದು ಜೊತೆ."

ಸವೆತದ ವೇಗ ಅಳೆಯುವವನು ನಾನು,
ಸಾವಿರ ವರುಷಕ್ಕೆ ಇಷ್ಟು ಮಿಲಿಮೀಟರ್ ಎಂದು.
ಅವಳ ಕೈಗೆ ಯಾವ ಅಳತೆ ಹಿಡಿಯಲಿ?

ತೋಡಿಗಿಳಿದು ಕೈ ತೊಳೆದಳು.
ಹಣ್ಣಿನ ಅಂಟು, ಮಣ್ಣು, ಏನೇನೋ ಬಿಟ್ಟುಕೊಂಡಿತು.
ಯಾರಾದರೂ ನೀರಿಗಿಳಿದಿದ್ದರೆ
ಅವರಿಗಿಂತ ಮೇಲ್ಗಡೆ ಬಾಟಲಿ ತುಂಬಬೇಕು,
ಅದು ಮೊದಲ ಪಾಠ, ಕಿರಿಯರಿಗೆ ನಾನೇ ಹೇಳಿಕೊಡುವುದು.
ಮುಚ್ಚಳ ಬಿಚ್ಚಿ
ಅವಳ ಕೆಳಗಡೆಯೇ ಮುಳುಗಿಸಿದೆ.
ಹನ್ನೆರಡು, ಎಂದು ಬರೆದೆ.